ಗಿಡದೊಳಗೆ ರಂಜಕದ ಸಂಚಾರ

ಪೈರಿಗೆ ಹಾಕಿದ ರಂಜಕದ ಗೊಬ್ಬರವು ಗಿಡದೊಳಗೆ ಎಲ್ಲಿಗೆ ಹೋಗುವುದೆಂಬುದು ಕಣ್ಣಿಗೆ ಕಾಣತಕ್ಕ ವಿಷಯವಲ್ಲ. ಅದನ್ನು ಕಾಣಿಸುವ ವಿಧಾನಕ್ಕೆ ಆಟೋರೇಡಿಯೋಗ್ರಫಿ ಎಂದು ಹೆಸರು. ವಿಕಿರಣವನ್ನು ಸೂಸುವ ರಂಜಕ-32 ಎಂಬುದನ್ನು ಬೇರಿಗೆ ಕೊಟ್ಟು, ಬಳಿಕ ಗಿಡವನ್ನು ಕಿತ್ತು ಚಪ್ಪಟೆಯಾಗಿ ಒಣಗಿಸಿ, ಕತ್ತಲೆಯಲ್ಲಿ ಎಕ್ಸ್-ರೇ ಫಿಲ್ಮಿಗೆ ಒತ್ತಿ ಇಡುವರು. ದೀಪವಾಗಲಿ ಕ್ಯಾಮರಾವಾಗಲಿ ಬೇಕಿಲ್ಲ. ರಂಜಕವು ಸೇರಿದ ಭಾಗವೇ ಫಿಲ್ಮಿನ ಮೇಲೆ ಕಪ್ಪಾಗಿ ಮೂಡುವುದು. ಈ ಪದಾರ್ಥದ ಬಲವು ಸುಮಾರು 14 ದಿನಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ತಡಮಾಡುವಂತಿಲ್ಲ. ಈಚೆಗೆ ಫಿಲ್ಮಿಗೆ ಬದಲಾಗಿ ಫಾಸ್ಫರ್ ಫಲಕವನ್ನಿಟ್ಟು ಲೇಸರ್ ಕಿರಣದಿಂದ ಓದುವ ಯಂತ್ರಗಳು ಬಂದಿವೆ. ದಿನಗಟ್ಟಲೆ ಕಾಯಬೇಕಾಗಿದ್ದ ಚಿತ್ರವು ಕೆಲವು ಗಂಟೆಗಳಲ್ಲಿ ದೊರೆಯುವುದು, ಫಲಕವನ್ನು ಬೆಳಕಿನಿಂದ ಅಳಿಸಿ ಪುನಃ ಉಪಯೋಗಿಸಲೂಬಹುದು.

ಅಮೆರಿಕದ ಆರ್ಲಿನ್ ಬಿಡಲ್ಫ್ ಮತ್ತು ಸಹೋದ್ಯೋಗಿಗಳು ಹುರುಳಿಕಾಯಿ ಗಿಡದ ಮೇಲೆ ನಡೆಸಿ 1958ರಲ್ಲಿ ಪ್ರಕಟಿಸಿದ ಪರೀಕ್ಷೆಯು ಬೇಸಾಯಗಾರರಿಗೆ ವಿಶೇಷ ಪ್ರಯೋಜನಕರವಾದುದು. ರಂಜಕವು ಒಂದೆಡೆ ನಿಲ್ಲದೆ ಗಿಡದಲ್ಲೆಲ್ಲಾ ಸುತ್ತುವುದೂ, ಸುಣ್ಣದಂಶವು ಒಮ್ಮೆ ಸೇರಿದ ಎಲೆಯಿಂದ ಕದಲದಿರುವುದೂ ಆ ಚಿತ್ರಗಳಲ್ಲಿ ವ್ಯಕ್ತವಾದವು. ರಂಜಕವು ಸಾಲದಾದಾಗ ಗಿಡವು ಮುದಿ ಎಲೆಗಳಿಂದಲೇ ಅದನ್ನು ಹಿಂದೆಗೆದು ಚಿಗುರಿಗೆ ಒದಗಿಸುವುದು. ಆದಕಾರಣ ಚಿಗುರು ಹಸುರಾಗಿದೆಯೆಂದು ಜಮೀನುದಾರರು ಸುಮ್ಮನಿರಲಾಗದು. ಬುಡದ ಎಲೆಗಳನ್ನೇ ಮೊದಲು ಪರೀಕ್ಷಿಸತಕ್ಕದ್ದು. ಸುಣ್ಣದ ಕೊರತೆಯಾದರೋ ಚಿಗುರಿನಲ್ಲಿಯೇ ಮೊದಲು ತೋರುವುದು.