ಗುಹೆಯ ಬಾಯಿಗಿಟ್ಟ ಬಂಡೆ: ಮಕ್ಕಳ ಭಯದ ಕಾರ್ಟೂನ್ ಸರಣಿಗೆ ಹನ್ನೊಂದು ಸೂತ್ರಗಳು

ಕಾಸರಗೋಡು ಜಿಲ್ಲೆಯ ಮಂಗಲ್ಪಾಡಿಯಿಂದ ಹೆದ್ದಾರಿ ಹಿಡಿದು ತೆಂಕಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿ ಕುಂಬಳೆ ಸಿಗುತ್ತದೆ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಊರು ಅದು. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಸಂಗಗಳಲ್ಲಿ ‘ವಾಲಿಸುಗ್ರೀವರ ಕಾಳಗ’ವೂ ಒಂದು. ವಾಲಿಯ ತಂದೆ ಇಂದ್ರ, ಸುಗ್ರೀವನ ತಂದೆ ಸೂರ್ಯ, ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ರಾಕ್ಷಸನನ್ನು ಅಟ್ಟಿಕೊಂಡು ಅಣ್ಣ ಗುಹೆಗೆ ನುಗ್ಗುತ್ತಾನೆ, ತಮ್ಮ ಬಾಗಿಲಲ್ಲಿ ಕಾಯುತ್ತಾನೆ. ದಿನಗಳು ಕಳೆಯುತ್ತವೆ. ಒಳಗಿನಿಂದ ರಕ್ತ ಹರಿದು ಬರುತ್ತದೆ. ಅಣ್ಣ ಸತ್ತನೆಂದು ಬಗೆದ ತಮ್ಮ ಗುಹೆಯ ಬಾಯಿಗೆ ಬಂಡೆ ಇಟ್ಟು ಹಿಂದಿರುಗುತ್ತಾನೆ. ಆದರೆ ಅಣ್ಣ ಸತ್ತಿರಲಿಲ್ಲ.

ಮಲಸೋದರರ ಜಗಳ, ಕತ್ತಲು, ಭಯ ಎಲ್ಲವೂ ಇದೊಂದು ಸನ್ನಿವೇಶದಲ್ಲಿವೆ. ಮಕ್ಕಳಿಗೆ ಇಂಥ ಆ್ಯನಿಮೇಶನ್ ಸರಣಿ ಮಾಡಬೇಕೆಂಬ ಆಸೆ ನಿಮಗಿದ್ದರೆ ಕಥೆಗಾಗಿ ದೂರ ಹೋಗಬೇಕಾಗಿಲ್ಲ. ಆದರೆ ಕೆಲವು ಸೂತ್ರಗಳನ್ನು ಕೈಬಿಡಬಾರದು.

1. ದೆವ್ವಕ್ಕಿಂತ ಮೊದಲು ಜಗಳ ಬರೆಯಿರಿ

ದೆವ್ವದ ಚಿತ್ರ ಬರೆಯುವುದು ಸುಲಭ, ಆ ದೆವ್ವ ಈ ಮಕ್ಕಳ ಬಳಿಗೇ ಏಕೆ ಬಂತು ಎಂದು ಹೇಳುವುದು ಕಷ್ಟ. 2014ರ ನವೆಂಬರಿನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂದ ‘ಓವರ್ ದ ಗಾರ್ಡನ್ ವಾಲ್’ ಹತ್ತೇ ಕಂತುಗಳ ಸರಣಿ. ಪ್ಯಾಟ್ರಿಕ್ ಮೆಕ್‌ಹೇಲ್ ಅದರ ಕರ್ತೃ. ವರ್ಟ್ ಮತ್ತು ಗ್ರೆಗ್ ಎಂಬ ಮಲಸೋದರರು ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಕಾಡಿನಲ್ಲೊಂದು ಮೃಗವಿದೆ. ಆದರೆ ಕಥೆಯನ್ನು ಮುಂದಕ್ಕೆ ಒಯ್ಯುವುದು ಮೃಗವಲ್ಲ. ಎಲ್ಲಕ್ಕೂ ತಮ್ಮನೇ ಕಾರಣ ಎಂದು ದೂರುವ ಅಣ್ಣನ ಕಹಿ ಕಥೆಯನ್ನು ನಡೆಸುತ್ತದೆ. ಆ ಕಹಿ ಕರಗುವಾಗ ಮೃಗದ ಬಲವೂ ಕುಂದುತ್ತದೆ. ಈ ಸರಣಿಗೆ 2015ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ನಿಮ್ಮ ಕಥೆಯಿಂದ ದೆವ್ವವನ್ನು ತೆಗೆದುಹಾಕಿ ಓದಿ ನೋಡಿ. ಮಕ್ಕಳ ಜಗಳವೊಂದೇ ಉಳಿದಾಗಲೂ ಕಥೆ ಹಿಡಿದು ಕೂರಿಸಿದರೆ ಮಾತ್ರ ದೆವ್ವವನ್ನು ಮತ್ತೆ ಸೇರಿಸಿ.

2. ಜಗಳದ ಕಾರಣ ಚಿಕ್ಕದಿರಲಿ, ನೋವು ದೊಡ್ಡದಿರಲಿ

ಕದ್ರು ಮತ್ತು ವಿನತೆ ಕಶ್ಯಪನ ಇಬ್ಬರು ಹೆಂಡಿರು. ಅವರ ಪಂಥ ಏನನ್ನು ಕುರಿತು? ಒಂದು ಬಿಳಿ ಕುದುರೆಯ ಬಾಲದ ಬಣ್ಣವನ್ನು ಕುರಿತು. ಕದ್ರುವಿನ ಮಕ್ಕಳಾದ ಹಾವುಗಳು ಬಾಲಕ್ಕೆ ಸುತ್ತಿಕೊಂಡು ಅದನ್ನು ಕಪ್ಪಾಗಿ ಕಾಣಿಸಿದವು, ವಿನತೆ ದಾಸಿಯಾದಳು, ಅವಳ ಮಗ ಗರುಡ ಅಮೃತ ತಂದು ತಾಯಿಯನ್ನು ಬಿಡಿಸಬೇಕಾಯಿತು. ಧ್ರುವನ ಕಥೆಯಲ್ಲಿ ಜಗಳ ಅಪ್ಪನ ತೊಡೆಗಾಗಿ. ಮಕ್ಕಳ ಲೋಕದಲ್ಲಿ ಇಂದಿಗೂ ಹೀಗೆಯೇ. ಕಿಟಕಿ ಪಕ್ಕದ ಸೀಟು, ಮೊಬೈಲ್ ಚಾರ್ಜರ್, ಅಮ್ಮನ ಪಕ್ಕದ ಚಾಪೆ ಸಾಕು. ಅದರ ಹಿಂದೆ ಒಂದೇ ಪ್ರಶ್ನೆ ಇರುತ್ತದೆ: ಈ ಮನೆಯಲ್ಲಿ ನನ್ನ ಜಾಗ ಉಳಿದಿದೆಯೇ? ಪ್ರತಿ ಕಂತಿಗೂ ಒಂದು ಚಿಕ್ಕ ವಸ್ತುವನ್ನು ಆರಿಸಿ, ಆ ಪ್ರಶ್ನೆಯನ್ನು ಅದರೊಳಗೆ ಇಡಿ.

3. ಇಬ್ಬರಿಗೂ ವಾದ ಕೊಡಿ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ಅಲ್ಲಿ ವಾಲಿ ಸೋಲುವವನಾದರೂ ಅವನ ವಾದ ಸೋಲುವುದಿಲ್ಲ. ಕಾಸರಗೋಡಿನ ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಪಾತ್ರವನ್ನು ವಹಿಸಿದಾಗ ಕೇಳುಗರು ರಾಮನ ಬಾಣವನ್ನೇ ಪ್ರಶ್ನಿಸುವಂತಾಗುತ್ತಿತ್ತು. ಇದನ್ನೇ ಬರವಣಿಗೆಯ ಅಭ್ಯಾಸವಾಗಿ ಮಾಡಿಕೊಳ್ಳಿ. ಚಿತ್ರಕಥೆ ಬರೆದವರು ಇಬ್ಬರು ಎದುರುಬದುರು ಕುಳಿತು ಒಬ್ಬರು ಅಣ್ಣನಾಗಿ, ಇನ್ನೊಬ್ಬರು ತಂಗಿಯಾಗಿ ಅರ್ಧ ಗಂಟೆ ವಾದಿಸಿ. ಯಾರಾದರೂ ಮಾತಿಲ್ಲದೆ ಕೂತರೆ ಆ ಪಾತ್ರ ಇನ್ನೂ ಹುಟ್ಟಿಲ್ಲ ಎಂದು ತಿಳಿಯಿರಿ.

4. ಮಲತಾಯಿಯನ್ನು ರಾಕ್ಷಸಿ ಮಾಡಬೇಡಿ

ಕನ್ನಡದಲ್ಲಿ ‘ಮಲತಾಯಿ ಧೋರಣೆ’ ಎಂಬುದು ಪತ್ರಿಕೆಗಳ ನಿತ್ಯದ ಮಾತು. ಮಲತಾಯಿ ಎಂದರೆ ಕೇಡು ಎಂದು ಭಾಷೆಯೇ ತೀರ್ಪು ಕೊಟ್ಟುಬಿಟ್ಟಿದೆ. ನಿಮ್ಮ ಸರಣಿಯನ್ನು ನೋಡುವ ಮಕ್ಕಳಲ್ಲಿ ಕೆಲವರ ಮನೆಯಲ್ಲಿ ನಿಜವಾಗಿಯೂ ಮಲತಾಯಿ ಇರುತ್ತಾಳೆ. ಬೆಳಗ್ಗೆ ಎದ್ದು ಅವಳೇ ಬುತ್ತಿ ಕಟ್ಟಿಕೊಡುತ್ತಾಳೆ. ಆ ಮಗು ರಾತ್ರಿ ನಿಮ್ಮ ಕಂತು ನೋಡಿ ಅವಳ ಮುಖ ನೋಡಲು ಹೆದರಬಾರದು. ಹೊಸಬರೊಂದಿಗೆ ಬಾಳುವುದು ಹೇಗೆಂದು ಕಲಿಯುತ್ತಿರುವ ಹೆಂಗಸಾಗಿ ಅವಳನ್ನು ಬರೆಯಿರಿ. ಮಲತಂದೆಗೂ ಇದೇ ಮಾತು.

5. ಹೆದರಿಕೆಯ ಜಾಗವನ್ನು ಊರಿನಲ್ಲೇ ಹುಡುಕಿ

ಚಿಮಣಿಯಿರುವ ಬಂಗಲೆ, ಹಿಮ ಬಿದ್ದ ಸ್ಮಶಾನ ನಮ್ಮ ಮಕ್ಕಳಿಗೆ ಚಿತ್ರದಲ್ಲಿ ಮಾತ್ರ ಗೊತ್ತು. ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗಗಳಿವೆ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದವು ಅವು. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ, ಒಳಗೆ ತಣ್ಣನೆಯ ಕತ್ತಲು, ತೊಟ್ಟಿಕ್ಕುವ ನೀರು, ಬಾವಲಿ. ವಾಲಿಯ ಗುಹೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಕಲ್ಲು ಕಡಿದು ಬಿಟ್ಟ ಕೋರೆಯ ಹೊಂಡ, ಆಷಾಢದ ಮಳೆಯಲ್ಲಿ ಕರೆಂಟ್ ಹೋದ ರಾತ್ರಿ, ಉಪ್ಪಳದ ಕಡಲ ಮೊರೆತ, ಅಡಿಕೆ ತೋಟದಲ್ಲಿ ಸೋಗೆ ಬೀಳುವ ಸದ್ದು ಎಲ್ಲವೂ ಕಂತುಗಳಾಗಬಲ್ಲವು. ಆದರೆ ಸುರಂಗ, ಹೊಂಡಗಳಿಗೆ ಮಕ್ಕಳು ಒಬ್ಬೊಬ್ಬರೇ ಇಳಿಯುವುದು ನಿಜಕ್ಕೂ ಅಪಾಯ. ಕಥೆಯೊಳಗೇ ಆ ಎಚ್ಚರಿಕೆ ಬರಲಿ.

ಊರಿನ ಅಜ್ಜಿಯರನ್ನೂ ಕೇಳಿ. ಜಪಾನಿನ ಮಿಝುಕಿ ಶಿಗೆರು ಬಾಲ್ಯದಲ್ಲಿ ತಮ್ಮೂರಿನ ಮುದುಕಿಯೊಬ್ಬಳಿಂದ ಕೇಳಿದ ಭೂತಗಳ ಕಥೆಗಳೇ ಮುಂದೆ ಅವರ ‘ಗೆಗೆಗೆ ನೊ ಕಿತಾರೊ’ಗೆ ಬೇರಾದವು. 1968ರಲ್ಲಿ ಮೊದಲ ಬಾರಿ ಟಿವಿಗೆ ಬಂದ ಆ ಸರಣಿಯನ್ನು ಆಮೇಲೆ ಮತ್ತೆ ಮತ್ತೆ ಹೊಸದಾಗಿ ಮಾಡಿದ್ದಾರೆ.

6. ದೈವ ಬೇರೆ, ದೆವ್ವ ಬೇರೆ

ಇದನ್ನು ಹೊರಗಿನವರಿಗಿಂತ ನಾವೇ ಚೆನ್ನಾಗಿ ಬಲ್ಲೆವು. ತುಳುನಾಡಿನ ಭೂತ, ಮಲಯಾಳದ ತೆಯ್ಯಂ ನಂಬಿದವರ ಮನೆಯ ಹಿರಿಯರಿದ್ದಂತೆ. ನ್ಯಾಯ ಕೇಳುವುದು, ಹರಕೆ ಹೇಳುವುದು ಅವರ ಮುಂದೆಯೇ. ಮುಖವರ್ಣಿಕೆ ಚೆಂದವಿದೆ ಎಂದು ಕೋಲದ ವೇಷವನ್ನು ತಂದು ಮಕ್ಕಳನ್ನು ಹೆದರಿಸುವ ಖಳನಿಗೆ ತೊಡಿಸಬೇಡಿ. ನೆರೆಮನೆಯವರ ನಂಬಿಕೆಯ ವಿಷಯದಲ್ಲೂ ಇದೇ ನಿಯಮ. ಹೆದರಿಸಲು ಗುಮ್ಮ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸರಿದ್ದಾರೆ, ನೀವೇ ಹೊಸದಾಗಿ ಕಲ್ಪಿಸಿದ ಪ್ರಾಣಿಯೂ ಇರಬಹುದು. ಅದು ಆ ಮಕ್ಕಳ ಜಗಳದಿಂದಲೇ ಹುಟ್ಟಿದ್ದಾದರೆ ಇನ್ನೂ ಒಳ್ಳೆಯದು.

7. ತೋರಿಸುವ ಮೊದಲು ಕೇಳಿಸಿ

ತೆಂಕುತಿಟ್ಟಿನ ಬಣ್ಣದ ವೇಷ ಏಕಾಏಕಿ ರಂಗಕ್ಕೆ ಬರುವುದಿಲ್ಲ. ಮೊದಲು ದೂರದಲ್ಲಿ ಆರ್ಭಟ, ಮತ್ತೆ ಚೆಂಡೆಯ ಏರುಗತಿ, ದೊಂದಿಯ ಬೆಳಕಿಗೆ ಎರಚಿದ ರಾಳದ ಭಗ್ಗೆನ್ನುವ ಜ್ವಾಲೆ, ತೆರೆಯ ಅಂಚಿನಲ್ಲಿ ಕಿರೀಟದ ತುದಿ. ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿರುತ್ತಾರೆ, ಆದರೂ ಸೆರಗಿನ ಸಂದಿಯಿಂದ ನೋಡುತ್ತಿರುತ್ತಾರೆ. ಆ ಸಂದಿಯೇ ನಿಮ್ಮ ಗುರಿ. ದಿಢೀರೆಂದು ಕಿರುಚಿ ಬೆಚ್ಚಿಬೀಳಿಸುವ ತಂತ್ರವನ್ನು ಒಂದು ಕಂತಿನಲ್ಲಿ ಒಮ್ಮೆಗಿಂತ ಹೆಚ್ಚು ಬಳಸಬೇಡಿ. ಬಜೆಟ್ ಕಡಿಮೆಯಿದ್ದರೆ ಚಿತ್ರದಲ್ಲಿ ಉಳಿಸಿ, ಸದ್ದಿಗೆ ಖರ್ಚು ಮಾಡಿ.

8. ನೋಡುವ ಮಗುವಿನ ವಯಸ್ಸು ಗೊತ್ತಿರಲಿ

ನಾಲ್ಕು ವರ್ಷದ ಮಗುವಿಗೆ ಪರದೆಯ ದೆವ್ವಕ್ಕೂ ಮಂಚದಡಿಯ ಕತ್ತಲಿಗೂ ನಡುವೆ ಗೋಡೆಯಿಲ್ಲ. ಒಂಬತ್ತರ ಮಗುವಿಗೆ ದೆವ್ವ ಸುಳ್ಳೆಂದು ಗೊತ್ತು, ಆದರೆ ಅಪ್ಪ ಮನೆ ಬಿಟ್ಟು ಹೋಗಬಹುದೆಂಬ ಭಯ ನಿಜ. ಭಾರತದ 2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+, ಎ ಎಂಬ ವರ್ಗಗಳಿವೆ. ಬರೆಯಲು ಕೂರುವ ಮೊದಲೇ ಯು/ಎ 7+ ಎಂದು ಗೋಡೆಗೆ ಅಂಟಿಸಿಕೊಳ್ಳಿ.

ಬೆಳಕಿನ ವಿಷಯದಲ್ಲೂ ಹುಷಾರಾಗಿರಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಬಿರುಸಾಗಿ ಮಿಣುಕಿತು. ಅದನ್ನು ನೋಡಿದ ಸುಮಾರು 685 ಮಂದಿಯನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಿಂಚು ತೋರಿಸುವಾಗ ಈ ಸಂಗತಿ ನೆನಪಿರಲಿ.

9. ಮನೆಮಾತಿನಲ್ಲೇ ಜಗಳವಾಡಿಸಿ

ಕಾಸರಗೋಡು ಏಳು ಭಾಷೆಗಳ ಜಿಲ್ಲೆ ಎನ್ನುವುದು ಭಾಷಣದ ಮಾತಾಗಿ ಉಳಿಯಬಾರದು. ಉಪ್ಪಳ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಉರ್ದು ಕಿವಿಗೆ ಬೀಳುತ್ತವೆ. ಮದುವೆಯಿಂದ ಎರಡು ಮನೆಗಳು ಒಂದಾದಾಗ ಎರಡು ಭಾಷೆಗಳೂ ಒಂದೇ ಅಡುಗೆಮನೆಗೆ ಬರುತ್ತವೆ. ತುಳುವಿನಲ್ಲಿ ‘ಅಮ್ಮೆ’ ಎಂದರೆ ಅಪ್ಪ. ಕನ್ನಡದ ಹುಡುಗಿಯೊಬ್ಬಳು ಹೊಸ ಮನೆಗೆ ಬಂದ ಮೊದಲ ರಾತ್ರಿ, ಆ ಮನೆಯ ಹುಡುಗ ‘ಅಮ್ಮೆ’ ಎಂದು ಕೂಗುತ್ತಾನೆ. ‘ನನ್ನ ಅಮ್ಮನನ್ನು ಅವನೇಕೆ ಕರೆಯುತ್ತಾನೆ?’ ಎಂದು ಹುಡುಗಿ ಸಿಡಿಯುತ್ತಾಳೆ. ಒಂದು ಕಂತಿಗೆ ಬೇಕಾದ ಜಗಳ ಇಷ್ಟರಲ್ಲೇ ಇದೆ. 2009ರಲ್ಲಿ ಬಂದ ಚಿಂಟು ಟಿವಿಯಿಂದ ಕನ್ನಡದ ಮಕ್ಕಳಿಗೆ ಹೆಚ್ಚಾಗಿ ಸಿಕ್ಕಿದ್ದು ಡಬ್ ಆದ ಕಾರ್ಟೂನುಗಳು. ಬಾಯಿ ಅಲ್ಲಾಡುವುದಕ್ಕೆ ಮಾತು ಹೊಂದಿಸುವ ಕಷ್ಟ ನಿಮಗಿಲ್ಲ. ಇಲ್ಲಿ ಮಾತು ಮೊದಲು ಹುಟ್ಟಲಿ, ಬಾಯಿ ಅದಕ್ಕೆ ಅಲ್ಲಾಡಲಿ. ಪಾತ್ರಗಳಿಗೆ ನಿಜವಾದ ಮಕ್ಕಳ ದನಿಯನ್ನೇ ಹುಡುಕಿ.

10. ಕಂತು ಚಿಕ್ಕದಿರಲಿ, ಲೆಕ್ಕ ಗಟ್ಟಿಯಿರಲಿ

ಹನ್ನೊಂದು ನಿಮಿಷದ ಒಂದು ಕಂತು ಎಂದರೆ 660 ಸೆಕೆಂಡು. ಸೆಕೆಂಡಿಗೆ 24ರಂತೆ 15,840 ಚೌಕಟ್ಟುಗಳು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿದರೂ 7,920 ಚಿತ್ರ ಬೇಕು. ಈ ಲೆಕ್ಕ ಹಾಕದೆ ಹೊರಟವರು ಮೂರನೇ ಕಂತಿಗೇ ಸುಸ್ತಾಗುತ್ತಾರೆ. ಆದ್ದರಿಂದ ನಿಮ್ಮ ಕೈಗೆಟುಕುವ ಶೈಲಿಯನ್ನು ಆರಿಸಿ. ಕಾಸರಗೋಡಿನಲ್ಲೇ ಕೆ.ವಿ. ರಮೇಶ್ ಅವರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ. ತೆಂಕುತಿಟ್ಟಿನ ವೇಷ ತೊಟ್ಟ ಅವರ ಸೂತ್ರದ ಬೊಂಬೆಗಳು ದೇಶ ವಿದೇಶಗಳಲ್ಲಿ ಕುಣಿದಿವೆ. ಬೊಂಬೆಯ ಕತ್ತು ಎಷ್ಟು ತಿರುಗಿದರೆ ಕೋಪ, ಎಷ್ಟು ಬಾಗಿದರೆ ದುಃಖ ಎಂಬುದನ್ನು ಅಂಥವರಿಂದ ಕಲಿತರೆ ಅರ್ಧ ಆ್ಯನಿಮೇಶನ್ ಕಲಿತಂತೆ.

ಸಾಧನಗಳಿಗೂ ಬರವಿಲ್ಲ. ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಅದರಲ್ಲೇ ತಯಾರಾದ ಲಾಟ್ವಿಯಾದ ‘ಫ್ಲೋ’ 2025ರಲ್ಲಿ ಆಸ್ಕರ್ ಗೆದ್ದಿತು. ತಿರುವನಂತಪುರದ ಟೂನ್ಜ್ ಸಂಸ್ಥೆ ವಿಜಯನಗರದ ತೆನಾಲಿ ರಾಮನನ್ನು 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೆ ತಲುಪಿಸಿತು. ಕರ್ನಾಟಕ ಸರ್ಕಾರ 2012ರಿಂದಲೇ ಆ್ಯನಿಮೇಶನ್‌ಗೆ ಪ್ರತ್ಯೇಕ ನೀತಿ ರೂಪಿಸಿದೆ. ಗಡಿಯ ಎರಡೂ ಬದಿಯ ಬಾಗಿಲು ತಟ್ಟುವ ಅವಕಾಶ ಕಾಸರಗೋಡಿನವರಿಗೆ ಉಂಟು. ಬಾಗಿಲು ತಟ್ಟಲು ಹೋಗುವಾಗ ಕೈಯಲ್ಲಿ ಮುಗಿದ ಒಂದು ಕಂತು ಇರಲಿ.

11. ಹೆದರಿಸಿದ ಮಗುವನ್ನು ಮನೆಗೆ ತಲುಪಿಸಿ

ರಾತ್ರಿಯಿಡೀ ರಾಕ್ಷಸರು ಕುಣಿದ ಆಟವೂ ಬೆಳಗಾಗುವಾಗ ಮಂಗಳ ಹಾಡಿಯೇ ಮುಗಿಯುತ್ತದೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಚಾಪೆ ಮಡಚಿ ಅಪ್ಪನ ಕೈ ಹಿಡಿದು ಮನೆಗೆ ನಡೆಯುತ್ತಾರೆ. ನಿಮ್ಮ ಪ್ರತಿ ಕಂತಿಗೂ ಅಂಥ ಮಂಗಳ ಬೇಕು. 1984ರಲ್ಲಿ ಬಂದ ಭಾರತದ ಮೊದಲ 3ಡಿ ಸಿನಿಮಾ, ಮಲಯಾಳದ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ನಲ್ಲಿ ಮಾಂತ್ರಿಕನ ವಶದಲ್ಲಿದ್ದ ಚಾತ್ತನನ್ನು ಮಕ್ಕಳೇ ಬಿಡಿಸಿ ಗೆಳೆಯನನ್ನಾಗಿ ಮಾಡಿಕೊಳ್ಳುತ್ತಾರೆ. ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ದಶಕಗಳ ಕಾಲ ಇತ್ತು. ನೈವೇದ್ಯ ಉಂಡು ಬದುಕಿದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ಅಂತಿಮ ನಮನ ಸಲ್ಲಿಸಿತು. ಭಯಂಕರವಾಗಿ ಕಾಣುವುದೆಲ್ಲ ಕೇಡಿನದಲ್ಲ ಎಂದು ಈ ನೆಲದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಜಗಳ ಪ್ರತಿ ಕಂತಿನಲ್ಲೂ ಪೂರ್ತಿ ತೀರಬೇಕಾಗಿಲ್ಲ. ಜೊತೆಯಾಗಿ ಹೆದರಿದವರು ಜೊತೆಯಾಗಿ ಕತ್ತಲಿನಿಂದ ಹೊರಬಂದರೆ ಸಾಕು. ಕಂತು ಮುಗಿದ ಮೇಲೆ ಊರಿನ ಹತ್ತು ಮಕ್ಕಳಿಗೆ ತೋರಿಸಿ. ಪರದೆಯನ್ನು ನೋಡಬೇಡಿ, ಅವರ ಮುಖವನ್ನು ನೋಡಿ. ಮಾರನೆಯ ದಿನ ಅವರ ಅಮ್ಮಂದಿರನ್ನು ಕೇಳಿ: ನಿದ್ದೆ ಬಂತೇ? ಉತ್ತರ ಇಲ್ಲವೆಂದಾದರೆ ಮತ್ತೆ ಬರೆಯಿರಿ.

ಈಗ ಮತ್ತೆ ಆ ಗುಹೆಯ ಬಾಯಿಗೆ ಬನ್ನಿ. ಹಿಂದಿರುಗಿದ ವಾಲಿ ಒಂದು ಗಳಿಗೆ ಕೂತು ತಮ್ಮನ ಮಾತು ಕೇಳಿದ್ದರೆ ಕಾಳಗವೇ ಇರುತ್ತಿರಲಿಲ್ಲ. ಪುರಾಣದಲ್ಲಿ ಆ ಗಳಿಗೆ ಬರಲಿಲ್ಲ, ನಿಮ್ಮ ಸರಣಿಯಲ್ಲಿ ಬರಲಿ. ಎರಡು ಮನೆಯಿಂದ ಬಂದು ಒಂದೇ ಚಾಪೆಯಲ್ಲಿ ಮಲಗುವ ಮಕ್ಕಳು ನಮ್ಮ ಊರಿನಲ್ಲೂ ಇದ್ದಾರೆ. ಒಳಗಿರುವವನು ಬದುಕಿದ್ದಾನೆಯೇ ಎಂದು ಬಂಡೆಗೆ ಕಿವಿಗೊಟ್ಟು ಕೇಳುವ ಒಂದು ಪುಟ್ಟ ಹುಡುಗಿಯನ್ನು ಅವರಿಗಾಗಿ ಬರೆಯಿರಿ. ಮೊದಲ ಚಿತ್ರವನ್ನು ಇವತ್ತೇ ಬಿಡಿಸಿ.