ರೇಡಾರಿನ ಸದ್ದು ಏನನ್ನು ಸೂಚಿಸುತ್ತದೆ?

ದಟ್ಟವಾದ ಮಂಜಿನಲ್ಲಿಯೂ ಕಗ್ಗತ್ತಲೆಯಲ್ಲಿಯೂ ದೋಣಿಯನ್ನು ನಡೆಸುವವನಿಗೆ ರೇಡಾರೇ ಕಣ್ಣು. ಹೊಸದಾಗಿ ಜೋಡಿಸಿದ ರೇಡಾರಿನಿಂದ ವಿಚಿತ್ರವಾದ ಸದ್ದು ಕೇಳಿಬಂದರೆ ಏನು ಮಾಡಬೇಕು? ಎಲ್ಲ ಸದ್ದೂ ದೋಷದ ಗುರುತಲ್ಲ. ಆದರೆ ನಿಜವಾದ ದೋಷವನ್ನು ಅಲಕ್ಷಿಸಿದರೆ, ಯಂತ್ರವು ಅತ್ಯಗತ್ಯವಾದ ಹೊತ್ತಿನಲ್ಲಿಯೇ ನಿಂತುಹೋಗಬಹುದು. ಆದ್ದರಿಂದ ಸದ್ದಿನ ಮೂಲವನ್ನು ಕಂಡುಹಿಡಿಯುವ ಕ್ರಮವನ್ನು ವಿಚಾರ ಮಾಡೋಣ.

ಸಣ್ಣ ದೋಣಿಗಳ ಅನೇಕ ರೇಡಾರುಗಳಲ್ಲಿ, ಕಂಬದ ಮೇಲಿನ ಗುಂಡನೆಯ ಮುಚ್ಚಳದೊಳಗೆ ಆಂಟೆನಾ ಇರುತ್ತದೆ. ಮೋಟಾರು ಅದನ್ನು ಸಾಮಾನ್ಯವಾಗಿ ನಿಮಿಷಕ್ಕೆ 24 ಸುತ್ತು ತಿರುಗಿಸುತ್ತದೆ. ಮ್ಯಾಗ್ನೆಟ್ರಾನ್ ಎಂಬ ನಳಿಗೆಯು ಸುಮಾರು 3 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗಗಳನ್ನು ಬಿಡಿಬಿಡಿಯಾದ ಸ್ಪಂದಗಳಾಗಿ ಹೊರಡಿಸುತ್ತದೆ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ರೂಪಿಸಿದ ಮ್ಯಾಗ್ನೆಟ್ರಾನಿನ ವಂಶಕ್ಕೇ ಇದು ಸೇರಿದುದು. ಮ್ಯಾಗ್ನೆಟ್ರಾನ್ ಇಲ್ಲದ ರೇಡಾರುಗಳೂ ಇಂದು ಬಳಕೆಯಲ್ಲಿವೆ. ನಮ್ಮ ವಿಚಾರ ಮ್ಯಾಗ್ನೆಟ್ರಾನ್ ಉಳ್ಳವನ್ನು ಕುರಿತದ್ದು.

ಮೊದಲನೆಯ ಪರೀಕ್ಷೆಗೆ ಒಂದು ಗಡಿಯಾರ ಸಾಕು. ನಿಮಿಷಕ್ಕೆ 24 ಸುತ್ತು ಎಂದರೆ ಒಂದು ಸುತ್ತಿಗೆ 2.5 ಸೆಕೆಂಡು. ‘ಟಕ್’ ಎಂಬ ಸದ್ದು 25 ಸೆಕೆಂಡುಗಳಲ್ಲಿ ಹತ್ತು ಸಲ ಕೇಳಿದರೆ, ಅದು ಸುತ್ತಿಗೊಮ್ಮೆ ಆಗುತ್ತಿದೆ ಎಂಬುದು ಸ್ಪಷ್ಟ. ಆಂಟೆನಾ ಮುಚ್ಚಳಕ್ಕೆ ತಗುಲುತ್ತಿರಬಹುದು; ದೊಡ್ಡ ಗಾಲಿಯ ಹಲ್ಲು ಮುರಿದಿರಬಹುದು; ಬೇರಿಂಗಿನಲ್ಲಿ ದೋಷವಿರಬಹುದು. ಇಂಥ ಸದ್ದನ್ನು ಅಲಕ್ಷಿಸಲಾಗದು. ಮೋಟಾರು ಆಂಟೆನಾಕ್ಕಿಂತ ಬಹಳ ವೇಗವಾಗಿ ತಿರುಗುವುದರಿಂದ ಅದರ ಸದ್ದು ಎಡೆಬಿಡದ ಗುಂಯ್ಗಾರವಾಗಿ ಕೇಳುತ್ತದೆ.

ಎರಡನೆಯದು ದೂರವ್ಯಾಪ್ತಿಯನ್ನು ಬದಲಿಸುವ ಪರೀಕ್ಷೆ. ರೇಡಿಯೋ ತರಂಗವು ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್, ಹೋಗಿ ಮರಳಲು ಸುಮಾರು 12.35 ಮೈಕ್ರೋಸೆಕೆಂಡು ಬೇಕು. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. 24 ಮೈಲಿಯಾಚೆಯಿಂದ ಮರಳುವ ತರಂಗಕ್ಕಾಗಿ ಸುಮಾರು 296 ಮೈಕ್ರೋಸೆಕೆಂಡು ಕಾಯಬೇಕು. ಆದ್ದರಿಂದ ದೂರವ್ಯಾಪ್ತಿಯು ಹೆಚ್ಚಿದಾಗ, ಸೆಕೆಂಡಿಗೆ ಹೊರಡುವ ಸ್ಪಂದಗಳ ಸಂಖ್ಯೆ ಕಡಿಮೆಯಾಗುತ್ತದೆ. ರೇಡಿಯೋ ತರಂಗ ಕಿವಿಗೆ ಕೇಳದು; ಆದರೆ ಪ್ರತಿ ಸ್ಪಂದದ ವಿದ್ಯುತ್ತಿನ ಹೊಡೆತಕ್ಕೆ ಟ್ರಾನ್ಸ್‌ಫಾರ್ಮರಿನ ಭಾಗಗಳು ಕಂಪಿಸುತ್ತವೆ. ಸೆಕೆಂಡಿಗೆ 2,000 ಸ್ಪಂದಗಳಿದ್ದರೆ ಅಷ್ಟೇ ಆವರ್ತಸಂಖ್ಯೆಯ ಸಣ್ಣ ಸ್ವರ ಹುಟ್ಟುತ್ತದೆ. ವ್ಯಾಪ್ತಿಯನ್ನು ಬದಲಿಸಿದೊಡನೆ ಸ್ವರದ ಶ್ರುತಿಯೂ ಬದಲಾದರೆ, ಅದರ ಮೂಲ ಸ್ಪಂದಗಳಲ್ಲಿದೆ. ಸ್ವರ ಸಣ್ಣದಾಗಿದ್ದರೆ ಸಾಮಾನ್ಯವಾಗಿ ಅದು ದೋಷವಲ್ಲ. ವ್ಯಾಪ್ತಿಗನುಸಾರವಾಗಿ ಆಂಟೆನಾದ ವೇಗವನ್ನೂ ಬದಲಿಸುವ ಯಂತ್ರಗಳಲ್ಲಿ ಮಾತ್ರ ಗಡಿಯಾರದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಕೆಲವೊಮ್ಮೆ ಯಂತ್ರವು ಸರಿಯಾಗಿದ್ದು, ಜೋಡಣೆಯೇ ಸದ್ದನ್ನು ಹಿಗ್ಗಿಸುತ್ತದೆ. ವೀಣೆಯ ತಂತಿಯೊಂದೇ ಇದ್ದರೆ ಅದರ ನಾದ ಬಲು ಕ್ಷೀಣ. ಕೊಡದ ಕಂಪನದಿಂದ ಅದು ತುಂಬಿ ಕೇಳುತ್ತದೆ. ಹಾಗೆಯೇ ಕಂಬವೂ ಚಾವಣಿಯೂ ಮೋಟಾರಿನ ಅಲ್ಪ ಕಂಪನವನ್ನು ದೊಡ್ಡದು ಮಾಡುತ್ತವೆ. ಪೀಠವು ಸಮತಟ್ಟಾಗಿದೆಯೇ, ಬೋಲ್ಟುಗಳು ತಯಾರಕರು ಹೇಳಿದಷ್ಟೇ ಬಿಗಿಯಾಗಿವೆಯೇ ಎಂದು ನೋಡಬೇಕು.

ಸದ್ದು ರೇಡಿಯೋದ ಧ್ವನಿವರ್ಧಕದಲ್ಲಿ ಕೇಳಿದರೆ ಅದರ ದಾರಿ ಬೇರೆ. ಸ್ವಂತ ಬ್ಯಾಟರಿಯುಳ್ಳ ಸಣ್ಣ ರೇಡಿಯೋವನ್ನು ಅಲ್ಲಿಯೇ ಇಟ್ಟು ಕೇಳಬೇಕು. ಅದರಲ್ಲಿ ಸದ್ದಿಲ್ಲದಿದ್ದರೆ, ಅದು ದೋಣಿಯ ವಿದ್ಯುತ್ ತಂತಿಗಳ ಮೂಲಕ ಬರುತ್ತಿರುವ ಸಂಭವ ಹೆಚ್ಚು. ಅದರಲ್ಲಿಯೂ ಕೇಳಿದರೆ, ರೇಡಾರಿನ ಕೇಬಲ್ಲನ್ನು ರೇಡಿಯೋದ ತಂತಿಗಳಿಂದ ದೂರ ಸರಿಸಿ ನೋಡಬೇಕು.

ಒಂದು ಎಚ್ಚರಿಕೆ. ಮ್ಯಾಗ್ನೆಟ್ರಾನಿಗೆ ಸಾವಿರಾರು ವೋಲ್ಟುಗಳ ವಿದ್ಯುತ್ತು ಹರಿಯುತ್ತದೆ. ಸ್ವಿಚ್ಚನ್ನು ಆರಿಸಿದ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರಬಹುದು. ಆದ್ದರಿಂದ ಕಂಬವನ್ನೇರುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ಮುಚ್ಚಳವನ್ನು ತೆರೆಯುವ ಕೆಲಸ ತರಬೇತಾದವರಿಗೇ ಸೇರಿದ್ದು. ಆಲಿಸುವುದು, ಎಣಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು, ಇಷ್ಟನ್ನು ಕೆಳಗಿನಿಂದಲೇ ಮಾಡಬಹುದು. ಹೀಗೆ ಪಡೆದ ವಿವರವನ್ನು ಬರೆದುಕೊಟ್ಟರೆ ಮೆಕ್ಯಾನಿಕನ ಅರ್ಧ ಕೆಲಸ ಮುಗಿದಂತೆಯೇ.

ಅಭ್ಯಾಸ: ಆಂಟೆನಾ ನಿಮಿಷಕ್ಕೆ 48 ಸುತ್ತು ತಿರುಗಿದರೆ, ಸುತ್ತಿಗೊಮ್ಮೆ ಆಗುವ ಸದ್ದು ಎಷ್ಟು ಸೆಕೆಂಡಿಗೊಮ್ಮೆ ಕೇಳಿಸೀತು?