ಹೆಸರು ಹೇಳದ ಸೆನ್ಸರ್: ಅನಲಾಗ್ ತಾಪಮಾನ ಸೆನ್ಸರನ್ನು ಡ್ರೈವರ್‌ಗೆ ಪರಿಚಯಿಸುವುದು ಹೇಗೆ?

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಬೋರ್ಡಿನ ಎಡಿಸಿ ಪಿನ್‌ನಲ್ಲಿ 750 ಮಿಲಿವೋಲ್ಟ್ ಇದೆ. ಆ ಪಿನ್‌ಗೆ ತಾಪಮಾನದ ಸೆನ್ಸರ್ ಒಂದನ್ನು ಜೋಡಿಸಿದ್ದಾರೆ. ತಾಪಮಾನ ಎಷ್ಟು?

ಸೆನ್ಸರ್ ಟಿಎಂಪಿ36 ಆಗಿದ್ರೆ 25 ಡಿಗ್ರಿ. ಎಲ್‌ಎಂ35 ಆಗಿದ್ರೆ 75 ಡಿಗ್ರಿ. ಅಲ್ಲಿರೋದು 10 ಕಿಲೋಓಮ್‌ನ ಎನ್‌ಟಿಸಿ ಥರ್ಮಿಸ್ಟರ್ ಆಗಿದ್ದು, ಮೇಲಿನಿಂದ 3.3 ವೋಲ್ಟ್‌ಗೆ 10 ಕಿಲೋಓಮ್ ಪುಲ್‌ಅಪ್ ಇದ್ರೆ ಸುಮಾರು 61 ಡಿಗ್ರಿ. ಅದೇ ಥರ್ಮಿಸ್ಟರನ್ನು ಮೇಲೆ ಹಾಕಿ ರೆಸಿಸ್ಟರನ್ನು ಕೆಳಗೆ ಹಾಕಿದ್ರೆ ಸೊನ್ನೆಗಿಂತ 4 ಡಿಗ್ರಿ ಕೆಳಗೆ! ವೋಲ್ಟೇಜ್ ಒಂದೇ, ಉತ್ತರ ನಾಲ್ಕು. ಇದರಲ್ಲಿ ಯಾವುದು ಸರಿ ಅಂತ ಆಪರೇಟಿಂಗ್ ಸಿಸ್ಟಮ್‌ಗೆ ತಾನಾಗಿಯೇ ಗೊತ್ತಾಗೋಕೆ ಯಾವ ದಾರಿಯೂ ಇಲ್ಲ.

ಯುಎಸ್‌ಬಿ ಪೆನ್‌ಡ್ರೈವ್ ಹಾಕಿದ ಕೂಡಲೇ ಅದು ತನ್ನ ಕಂಪನಿ ಯಾವುದು, ಮಾಡೆಲ್ ಯಾವುದು ಅಂತ ತಾನೇ ಹೇಳಿಕೊಳ್ಳುತ್ತೆ. ಐ2ಸಿ ಬಸ್‌ನಲ್ಲಿ ಅಷ್ಟು ಸೌಕರ್ಯ ಇಲ್ಲದಿದ್ರೂ ಅನೇಕ ಚಿಪ್‌ಗಳಲ್ಲಿ ಗುರುತಿನ ರಿಜಿಸ್ಟರ್ ಇರುತ್ತೆ. ಬಿಎಂಪಿ280 ಚಿಪ್‌ನ 0xಡಿ0 ವಿಳಾಸವನ್ನು ಓದಿದ್ರೆ 0x58 ಬರಬೇಕು. ಬೇರೇನಾದ್ರೂ ಬಂದ್ರೆ ಡ್ರೈವರ್ 'ನನ್ನ ಚಿಪ್ ಇದಲ್ಲ' ಅಂತ ಹಿಂದೆ ಸರಿಯಬಹುದು. ಅನಲಾಗ್ ಸೆನ್ಸರ್ ಹತ್ತಿರ ಇರೋದು ಒಂದು ತಂತಿ, ಅದರ ಮೇಲೆ ಒಂದು ವೋಲ್ಟೇಜ್. ಅಷ್ಟೇ. ಹಾಗಾಗಿ ಅದರ ಪರವಾಗಿ ಬೇರೆ ಯಾರೋ ಮಾತಾಡಬೇಕು.

ಲಿನಕ್ಸ್‌ನಲ್ಲಿ ಆ ಕೆಲಸವನ್ನು ಹೆಚ್ಚಾಗಿ ಡಿವೈಸ್ ಟ್ರೀ ಮಾಡುತ್ತೆ. ಇದರ ಮೂಲ ಓಪನ್ ಫರ್ಮ್‌ವೇರ್ ಎಂಬ 1994ರ ಐಇಇಇ 1275 ಮಾನದಂಡದಲ್ಲಿದೆ. ಆರ್ಮ್ ಬೋರ್ಡುಗಳಲ್ಲಿ ಮಾತ್ರ ಬಹಳ ಕಾಲ ಪ್ರತಿ ಬೋರ್ಡಿಗೂ ಕರ್ನಲ್ ಒಳಗೇ ಒಂದು ಸಿ ಫೈಲ್ ಬರೆಯುತ್ತಿದ್ದರು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ರಾಶಿಯ ಬಗ್ಗೆ ಚೆನ್ನಾಗಿಯೇ ರೇಗಿದ ಮೇಲೆ ಆರ್ಮ್ ಕೂಡ ಡಿವೈಸ್ ಟ್ರೀ ಕಡೆಗೆ ಹೊರಳಿತು. ಈಗ ಡ್ರೈವರ್ ಒಂದೇ, ಬೋರ್ಡಿನ ವಿವರಣೆ ಬೇರೆ ಫೈಲಿನಲ್ಲಿ. ಆ ಫೈಲಿನಲ್ಲಿ ಯಾವ್ಯಾವ ಪ್ರಾಪರ್ಟಿ ಬರೆಯಬಹುದು ಅನ್ನೋ ಒಪ್ಪಂದಕ್ಕೆ 'ಬೈಂಡಿಂಗ್' ಅಂತಾರೆ. (ಪ್ರಾಪರ್ಟಿಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅಸಲಿ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ.)

ಎನ್‌ಟಿಸಿ ಥರ್ಮಿಸ್ಟರ್‌ನ ಬೈಂಡಿಂಗ್ ನೋಡಿ, ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಮೊದಲು 'ಕಂಪ್ಯಾಟಿಬಲ್' ಸಾಲಿನಲ್ಲಿ ಭಾಗದ ಹೆಸರು, ಉದಾಹರಣೆಗೆ ಮುರಾಟ ಕಂಪನಿಯ ಎನ್‌ಸಿಪಿ15ಎಕ್ಸ್‌ಎಚ್103. ಇದು 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ ಭಾಗ, ಬಿ ಮೌಲ್ಯ 3380. ಆಮೇಲೆ 'ಪುಲ್‌ಅಪ್-ಯುವಿ', ಅಂದ್ರೆ ಪುಲ್‌ಅಪ್ ಎಷ್ಟು ಮೈಕ್ರೋವೋಲ್ಟ್‌ಗೆ ಹೋಗಿದೆ ಅಂತ. 'ಪುಲ್‌ಅಪ್-ಓಮ್' ಮತ್ತು 'ಪುಲ್‌ಡೌನ್-ಓಮ್' ಮೇಲಿನ ಮತ್ತು ಕೆಳಗಿನ ರೆಸಿಸ್ಟರ್‌ಗಳು. ಇಲ್ಲದ ರೆಸಿಸ್ಟರ್‌ಗೆ ಸೊನ್ನೆ ಬರೀತಾರೆ. 'ಕನೆಕ್ಟೆಡ್-ಪಾಸಿಟಿವ್' ಎಂಬುದು ಬೆಲೆಯಿಲ್ಲದ ಬಾವುಟ. ಇದ್ರೆ ಥರ್ಮಿಸ್ಟರ್ ಪವರ್ ಕಡೆಗಿದೆ, ಇಲ್ಲದಿದ್ರೆ ಗ್ರೌಂಡ್ ಕಡೆಗಿದೆ ಎಂದರ್ಥ. ಕೊನೆಗೆ 'ಐಒ-ಚಾನೆಲ್ಸ್', ಯಾವ ಎಡಿಸಿಯ ಎಷ್ಟನೇ ಚಾನೆಲ್ ಅನ್ನೋದು.

ಇಲ್ಲಿ ಏನಿಲ್ಲ ಅನ್ನೋದನ್ನೂ ಗಮನಿಸಿ. ತಾಪಮಾನಕ್ಕೆ ತಕ್ಕ ರೋಧದ ಕೋಷ್ಟಕ ಇಲ್ಲ. ಅದು ಡ್ರೈವರ್ ಒಳಗಿದೆ, ಭಾಗದ ಹೆಸರು ಹೇಳಿದ್ರೆ ಡ್ರೈವರ್ ಸರಿಯಾದ ಕೋಷ್ಟಕ ತೆಗೆದುಕೊಂಡು ಎರಡು ಸಾಲುಗಳ ನಡುವೆ ಸರಳರೇಖೆಯಲ್ಲಿ ಅಂದಾಜು ಮಾಡುತ್ತೆ. ಈ ಹಂಚಿಕೆ ಬಹಳ ಅಚ್ಚುಕಟ್ಟು ಅಂತ ನನಗನ್ನಿಸುತ್ತೆ. ಥರ್ಮಿಸ್ಟರ್‌ನ ಸ್ವಭಾವ ಮುರಾಟ ಕಾರ್ಖಾನೆಯಲ್ಲೇ ತೀರ್ಮಾನವಾಗಿದೆ, ಯಾವ ಬೋರ್ಡಿಗೆ ಹೋದ್ರೂ ಬದಲಾಗಲ್ಲ. ಪಕ್ಕದ ರೆಸಿಸ್ಟರ್ ಎಷ್ಟು ಅನ್ನೋದನ್ನು ತೀರ್ಮಾನಿಸಿದ್ದು ಬೋರ್ಡ್ ವಿನ್ಯಾಸ ಮಾಡಿದವರು. ಹಾಗಾಗಿ ಅದು ಬೋರ್ಡಿನ ಫೈಲಿಗೆ.

ಈಗ ಇದನ್ನು ತಪ್ಪಾಗಿ ಬರೆದ್ರೆ ಏನಾಗುತ್ತೆ ಅಂತ ಲೆಕ್ಕ ಹಾಕೋಣ. ಬೋರ್ಡಿನ ಎರಡನೇ ಆವೃತ್ತಿಯಲ್ಲಿ ಯಾರೋ ಪುಲ್‌ಅಪ್ಪನ್ನು 10ರಿಂದ 4.7 ಕಿಲೋಓಮ್‌ಗೆ ಇಳಿಸಿದ್ರು, ಡಿವೈಸ್ ಟ್ರೀ ಹಾಗೇ ಉಳೀತು ಅಂದುಕೊಳ್ಳಿ. ಬ್ಯಾಟರಿ ನಿಜವಾಗಿ 60 ಡಿಗ್ರಿಗೆ ಕಾದಿದೆ, ಥರ್ಮಿಸ್ಟರ್ ಸುಮಾರು 3 ಕಿಲೋಓಮ್. ಪಿನ್‌ನಲ್ಲಿ 1.29 ವೋಲ್ಟ್. ಡ್ರೈವರ್ ಮಾತ್ರ 10 ಕಿಲೋಓಮ್ ಎಂದೇ ನಂಬಿ, ಥರ್ಮಿಸ್ಟರ್ 6.4 ಕಿಲೋಓಮ್ ಇದೆ ಅಂತ ಲೆಕ್ಕ ಮಾಡಿ, 37 ಡಿಗ್ರಿ ಅಂತ ಹೇಳುತ್ತೆ. ಲಿಥಿಯಂ ಸೆಲ್‌ಗಳನ್ನು ಚಾರ್ಜ್ ಮಾಡಲು ಡೇಟಾಶೀಟುಗಳು ಕೊಡುವ ಮೇಲ್ಮಿತಿ ಸಾಮಾನ್ಯವಾಗಿ 45 ಡಿಗ್ರಿ. 37 ಅಂದ್ರೆ ಆರಾಮಾಗಿ ಇದೆ ಅಂತ ಚಾರ್ಜಿಂಗ್ ಮುಂದುವರಿಯುತ್ತೆ. ಕರ್ನಲ್ ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲ್ಲ, ಯಾಕಂದ್ರೆ ಸಾಫ್ಟ್‌ವೇರ್ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗೇ ಇದೆ.

ಆದರೂ ಈ ತಪ್ಪು ಸಿಕ್ಕಿಬೀಳುವ ಸಂಭವ ಇದೆ. 25 ಡಿಗ್ರಿಯ ಕೋಣೆಯಲ್ಲಿ ಇದೇ ಬೋರ್ಡ್ 6 ಡಿಗ್ರಿ ತೋರಿಸುತ್ತೆ, ನೋಡಿದವರಿಗೆ ಅನುಮಾನ ಬರುತ್ತೆ. ನಿಜವಾದ ಕಳ್ಳ 'ಕನೆಕ್ಟೆಡ್-ಪಾಸಿಟಿವ್' ಬಾವುಟ. ಥರ್ಮಿಸ್ಟರ್ ಪವರ್ ಕಡೆಗಿದ್ದು, ಗ್ರೌಂಡ್ ಕಡೆಗೆ ಇದೆ ಅಂತ ವರ್ಣಿಸಿದ್ರೆ, ಎರಡೂ 10 ಕಿಲೋಓಮ್ ಆಗಿರುವ 25 ಡಿಗ್ರಿಯಲ್ಲಿ ಉತ್ತರ ಕರಾರುವಾಕ್ಕಾಗಿ 25 ಬರುತ್ತೆ! ಬೆಂಗಳೂರಿನ ಹವೆಯಲ್ಲಿ, ಲ್ಯಾಬ್‌ನ ಟೇಬಲ್ ಮೇಲೆ ಪರೀಕ್ಷೆ ಪಾಸ್. ಅದೇ ಬೋರ್ಡ್ 60 ಡಿಗ್ರಿಗೆ ಹೋದಾಗ ಸೊನ್ನೆಗಿಂತ ಮೂರೂವರೆ ಡಿಗ್ರಿ ಕೆಳಗೆ ಇದ್ದೀನಿ ಅನ್ನುತ್ತೆ. ಕಾದಷ್ಟೂ ತಣ್ಣಗಾಗುತ್ತಿದೆ ಅಂತ ಹೇಳುವ ಸೆನ್ಸರ್‌ಗೆ ಫ್ಯಾನ್ ಜೋಡಿಸಿದ್ರೆ ಏನಾಗಬಹುದು ಯೋಚನೆ ಮಾಡಿ.

ಇನ್ನೊಂದು ಬೈಂಡಿಂಗ್ ಇದೆ, 'ಜೆನೆರಿಕ್-ಎಡಿಸಿ-ಥರ್ಮಲ್' ಅಂತ. ಅದರಲ್ಲಿ ಇಷ್ಟೆಲ್ಲ ತಲೆನೋವಿಲ್ಲ. ಇಷ್ಟು ಮಿಲಿಡಿಗ್ರಿಗೆ ಎಡಿಸಿ ಬೆಲೆ ಇಷ್ಟು ಅಂತ ನೇರವಾಗಿ ಕೋಷ್ಟಕವನ್ನೇ ಬರೆದುಬಿಡಬಹುದು. ಯಾವ ವಿಚಿತ್ರ ಸರ್ಕ್ಯೂಟ್ ಇದ್ರೂ ನಡೆಯುತ್ತೆ. ನನಗೆ ಮಾತ್ರ ಇದು ಕೊನೆಯ ಆಯ್ಕೆ. ಹತ್ತಾರು ಸಂಖ್ಯೆಗಳ ಆ ಪಟ್ಟಿಯನ್ನು ನೋಡಿ, ಇದರ ಹಿಂದೆ ಯಾವ ಥರ್ಮಿಸ್ಟರ್, ಯಾವ ಪುಲ್‌ಅಪ್, ಯಾವ ರೆಫರೆನ್ಸ್ ವೋಲ್ಟೇಜ್ ಇತ್ತು ಅಂತ ಯಾರಿಗೂ ಹೇಳೋಕಾಗಲ್ಲ. ಒಂದು ರೆಸಿಸ್ಟರ್ ಬದಲಾದ್ರೆ ಇಡೀ ಪಟ್ಟಿ ಮತ್ತೆ ಲೆಕ್ಕ ಹಾಕಬೇಕು. 'ಪುಲ್‌ಅಪ್-ಓಮ್ 10000' ಅಂತಿದ್ರೆ ಸ್ಕೀಮ್ಯಾಟಿಕ್ ಪಕ್ಕದಲ್ಲಿಟ್ಟುಕೊಂಡು ಅರ್ಧ ನಿಮಿಷದಲ್ಲಿ ತಾಳೆ ನೋಡಬಹುದು. ಲೆಕ್ಕದ ಉತ್ತರವನ್ನಲ್ಲ, ಬೆಸುಗೆ ಹಾಕಿದ ವಸ್ತುವನ್ನು ಬರೆಯಬೇಕು ಅನ್ನೋದು ಇದಕ್ಕೇ.

ಸರಳರೇಖೆಯ ಸೆನ್ಸರ್‌ಗಳಿಗೆ 'ಟೆಂಪರೇಚರ್-ಟ್ರಾನ್ಸ್‌ಡ್ಯೂಸರ್' ಬೈಂಡಿಂಗ್ ಸಾಕು. ಇಳಿಜಾರು ಎಷ್ಟು, ಆಫ್‌ಸೆಟ್ ಎಷ್ಟು, ಕರೆಂಟ್ ಹೊರಡಿಸುವ ಸೆನ್ಸರ್ ಆಗಿದ್ರೆ ಯಾವ ರೆಸಿಸ್ಟರ್ ಮೂಲಕ ವೋಲ್ಟೇಜ್ ಆಗುತ್ತೆ, ಇವಿಷ್ಟೇ. ಎಡಿ590 ಒಂದು ಕೆಲ್ವಿನ್‌ಗೆ ಒಂದು ಮೈಕ್ರೋಆಂಪಿಯರ್ ಕೊಡುತ್ತೆ, ಆದ್ದರಿಂದ ಇಳಿಜಾರು 1, ಆಫ್‌ಸೆಟ್ -273150 ಮಿಲಿಡಿಗ್ರಿ, ಜೊತೆಗೆ ರೆಸಿಸ್ಟರ್‌ನ ಬೆಲೆ. ಟಿಎಂಪಿ36ಕ್ಕೆ ಡಿಗ್ರಿಗೆ 10 ಮಿಲಿವೋಲ್ಟ್, ಅಂದ್ರೆ ಇಳಿಜಾರು 10000 ಮೈಕ್ರೋವೋಲ್ಟ್. ಸೊನ್ನೆ ಡಿಗ್ರಿಯಲ್ಲಿ 500 ಮಿಲಿವೋಲ್ಟ್ ಇರೋದ್ರಿಂದ ಆಫ್‌ಸೆಟ್ -50000. ಮೊದಲಿನ 750 ಮಿಲಿವೋಲ್ಟನ್ನು ಹಾಕಿ ನೋಡಿ: 75000ದಿಂದ 50000 ಕಳೆದ್ರೆ 25000 ಮಿಲಿಡಿಗ್ರಿ, ಸರಿಯಾಗಿ 25. ಎಲ್‌ಎಂ35ಕ್ಕೆ ಆಫ್‌ಸೆಟ್ ಸೊನ್ನೆ. ಇವೆರಡೂ ಟಿಒ-92 ಪ್ಯಾಕೇಜ್‌ನಲ್ಲಿ ನೋಡೋಕೆ ಒಂದೇ ಥರ, ಕಾಲುಗಳ ಕ್ರಮವೂ ಒಂದೇ. ಡಬ್ಬಿಯಲ್ಲಿ ಬೆರೆತುಹೋದ್ರೆ 50 ಡಿಗ್ರಿ ವ್ಯತ್ಯಾಸ. (ಅಂದಹಾಗೆ ಎಲ್‌ಎಂ35ಕ್ಕೆ ಕನಿಷ್ಠ 4 ವೋಲ್ಟ್ ಸಪ್ಲೈ ಬೇಕು. 3.3 ವೋಲ್ಟ್ ಬೋರ್ಡಿಗೆ ಟಿಎಂಪಿ36 ವಾಸಿ.)

ಮಿಲಿ, ಮೈಕ್ರೋ ಎಲ್ಲ ಯಾಕೆ ಅಂದ್ರೆ ಡಿವೈಸ್ ಟ್ರೀಯಲ್ಲಿ ದಶಮಾಂಶ ಸಂಖ್ಯೆಗಳಿಲ್ಲ, ಇರೋದು 32 ಬಿಟ್‌ನ ಪೂರ್ಣಾಂಕಗಳು. ಹಾಗಾಗಿ ಮಾನವನ್ನು ಪ್ರಾಪರ್ಟಿಯ ಹೆಸರಿನಲ್ಲೇ ಸೇರಿಸ್ತಾರೆ. ಈಗಿನ ಪದ್ಧತಿಯಂತೆ 'ಯುವಿ' ಬದಲು 'ಮೈಕ್ರೋವೋಲ್ಟ್' ಅಂತ ಇರಬೇಕಿತ್ತು, ಆದ್ರೆ ಹಳೇ ಬೋರ್ಡುಗಳ ಫೈಲುಗಳು ಕೆಲಸ ನಿಲ್ಲಿಸಬಾರದಲ್ವಾ, ಅದಕ್ಕೇ ಹಾಗೇ ಉಳಿದಿದೆ.

ಎಷ್ಟು ಸೆಕೆಂಡಿಗೊಮ್ಮೆ ಓದಬೇಕು, ಎಷ್ಟು ಓದಿಗೆ ಸರಾಸರಿ ತೆಗೀಬೇಕು ಅನ್ನೋದನ್ನು ಸೆನ್ಸರ್‌ನ ನೋಡ್‌ನಲ್ಲಿ ಬರೀಬೇಡಿ. ಅದು ಹಾರ್ಡ್‌ವೇರ್ ಅಲ್ಲ. ಯು-ಬೂಟ್, ಜೆಫಿರ್, ಫ್ರೀಬಿಎಸ್‌ಡಿ ಕೂಡ ಡಿವೈಸ್ ಟ್ರೀ ಬಳಸುತ್ತವೆ, ಲಿನಕ್ಸ್‌ನ ಅಭ್ಯಾಸಗಳು ಅವುಗಳಿಗೆ ಬೇಕಿಲ್ಲ. ಎಡಿಸಿಯ ರೆಫರೆನ್ಸ್ ವೋಲ್ಟೇಜ್ ಕೂಡ ಸೆನ್ಸರ್‌ನ ನೋಡ್‌ಗೆ ಸೇರಿದ್ದಲ್ಲ, ಅದು ಎಡಿಸಿಯ ನೋಡ್‌ಗೆ. ರಾಸ್ಪ್‌ಬೆರಿ ಪೈಗೆ ಅನಲಾಗ್ ಪಿನ್ ಇಲ್ಲವಾದ್ದರಿಂದ ನೀವು ಎಂಸಿಪಿ3008 ಹಾಕಿದ್ರೆ, ಅದರ 'ವಿರೆಫ್-ಸಪ್ಲೈ' ಸರಿಯಾಗಿ ಬರೆಯಿರಿ, ಮೇಲಿನದೆಲ್ಲ ಅದರ ಮೇಲೇ ನಿಂತಿದೆ.

ಬರೆದದ್ದನ್ನು ಪರೀಕ್ಷಿಸೋಕೆ ಓವನ್ ಬೇಕಿಲ್ಲ, ನಾಲ್ಕು ರೂಪಾಯಿ ರೆಸಿಸ್ಟರ್‌ಗಳು ಸಾಕು. ಥರ್ಮಿಸ್ಟರ್ ತೆಗೆದು ಅದರ ಜಾಗದಲ್ಲಿ 10 ಕಿಲೋಓಮ್ ಹಾಕಿ 'ಟೆಂಪ್1_ಇನ್‌ಪುಟ್' ಫೈಲನ್ನು ಓದಿ, 25000ದ ಹತ್ತಿರ ಬರಬೇಕು. 3 ಕಿಲೋಓಮ್‌ಗೆ 60000ದ ಆಸುಪಾಸು, 33 ಕಿಲೋಓಮ್‌ಗೆ ಸೊನ್ನೆಗಿಂತ ಮೂರು-ನಾಲ್ಕು ಡಿಗ್ರಿ ಕೆಳಗೆ. 10 ಕಿಲೋಓಮ್‌ಗೆ ಸರಿ ಬಂದು ಉಳಿದೆರಡು ಅದಲುಬದಲಾಗಿದ್ರೆ ಬಾವುಟ ತಪ್ಪಿದೆ. ಮೂರೂ ತಪ್ಪಿದ್ರೆ ಪುಲ್‌ಅಪ್ ನೋಡಿ. ಕೊನೆಗೆ ಏನನ್ನೂ ಹಾಕದೆ ಜಾಗವನ್ನು ಖಾಲಿ ಬಿಟ್ಟು ಓದಿ. ಎರರ್ ಬರಲ್ಲ, ಕೋಷ್ಟಕದ ತಣ್ಣನೆಯ ತುದಿಯ ಬೆಲೆ ಬರುತ್ತೆ. ತಂತಿ ಕಿತ್ತುಹೋದ ಬೋರ್ಡ್ ಹೇಳೋದೂ ಅದನ್ನೇ, ಆದ್ದರಿಂದ ನಿಮ್ಮ ಪ್ರೋಗ್ರಾಂ ಆ ಬೆಲೆಯನ್ನು ಚಳಿ ಅಂತ ಓದಬಾರದು.